ಗೋಪುರ ಕಟ್ಟುವ ಮೊದಲು ಕುಳಿತುಕೊಳ್ಳೋಣ



ಕಳೆದ ತಿಂಗಳು ಒಂದು ಭಾನುವಾರ ಪೂಜೆ ಮುಗಿಸಿ ಹೊರಬಂದಾಗ, ಸಿರುಗುಪ್ಪ ಕಡೆಯ ರೈತರೊಬ್ಬರು ದೇವಾಲಯದ ಮೆಟ್ಟಿಲ ಬಳಿ ಕಾದಿದ್ದರು. ಕೈಯಲ್ಲಿ ಬ್ಯಾಂಕಿನ ಸಾಲದ ಅರ್ಜಿ. ಪಕ್ಕದಲ್ಲಿ ಪಿ.ಯು.ಸಿ. ಮುಗಿಸಿದ ಮಗಳು. "ಫಾದರ್, ಈಕಿ ಬೆಂಗಳೂರಿಗೆ ಹೋಗಿ ಬರಿಯೋದು ಕಲೀತೀನಿ ಅಂತಾಳ್ರಿ. ಅದಕ್ಕೂ ಒಂದು ಡಿಗ್ರಿ ಐತಂತ. ಮೂರು ವರ್ಷಕ್ಕ ನಾಲ್ಕು ಲಕ್ಷ ಸಾಲ. ಬರದ್ರ ಹೊಟ್ಟಿ ತುಂಬ್ತದೇನ್ರಿ? ನೀವು ಹೂಂ ಅಂದ್ರ ಸಹಿ ಹಾಕ್ತೀನಿ" ಎಂದರು. ಮಗಳು ನೆಲ ನೋಡುತ್ತಾ ನಿಂತಿದ್ದಳು.

ನಾನು ಹೂಂ ಅನ್ನಲಿಲ್ಲ. ಅದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಇಂಥದೇ ಪ್ರಶ್ನೆ ಹೊತ್ತು ಬಂದ ಯುವಕನೊಬ್ಬನ ತಲೆಯ ಮೇಲೆ ಕೈಯಿಟ್ಟು, "ಹೋಗಪ್ಪ, ದೇವರು ದಾರಿ ತೋರಿಸುತ್ತಾರೆ" ಎಂದು ಕಳುಹಿಸಿದ್ದೆ. ಸಾಲವೆಷ್ಟು, ಬಡ್ಡಿಯೆಷ್ಟು, ತೀರಿಸುವುದು ಹೇಗೆ ಎಂದು ಒಂದು ಮಾತೂ ಕೇಳಲಿಲ್ಲ. ಸೊಗಸಾಗಿ ಕಥೆ ಬರೆಯುತ್ತಿದ್ದ ಆ ಹುಡುಗ ಇಂದು ಕಂತು ಕಟ್ಟಲು ಎರಡು ಕಡೆ ದುಡಿಯುತ್ತಾನೆ. "ಏನಾದರೂ ಬರೆದೆಯಾ?" ಎಂದರೆ ಸುಮ್ಮನೆ ನಗುತ್ತಾನೆ. ಆ ನಗು ನನ್ನನ್ನು ಚುಚ್ಚುತ್ತದೆ. ಅಂದು ನಾನು ಕೊಟ್ಟದ್ದು ಸೋಮಾರಿಯ ಆಶೀರ್ವಾದ.

ಸಂತ ಲೂಕರ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಗೋಪುರ ಕಟ್ಟಹೊರಟವನ ಮಾತು ಹೇಳುತ್ತಾರೆ. ಬುದ್ಧಿವಂತನು ಅಡಿಪಾಯ ಹಾಕುವ ಮೊದಲು ಕುಳಿತು ಖರ್ಚಿನ ಲೆಕ್ಕ ಮಾಡುತ್ತಾನೆ. ಇಲ್ಲದಿದ್ದರೆ ಕೆಲಸ ಅರ್ಧಕ್ಕೆ ನಿಂತು ನೋಡಿದವರು ನಗುತ್ತಾರೆ. ಸ್ವಾಮಿ ಹೇಳುತ್ತಿದ್ದುದು ಶಿಷ್ಯನಾಗುವುದರ ಬೆಲೆಯನ್ನು. ಆದರೂ ಉದಾಹರಣೆ ತೆಗೆದುಕೊಂಡದ್ದು ಮನೆಯ ಲೆಕ್ಕದ ಪುಸ್ತಕದಿಂದ. ಬಡಗಿಯ ಮನೆಯಲ್ಲಿ ಬೆಳೆದ ಅವರಿಗೆ ಮರದ ಬೆಲೆ ಗೊತ್ತಿತ್ತು. ವಿಶ್ವಾಸಕ್ಕೂ ಲೆಕ್ಕಕ್ಕೂ ಜಗಳವಿಲ್ಲ.

ಹಾಗಾದರೆ ನಾವೂ ಕುಳಿತು ಲೆಕ್ಕ ಹಾಕೋಣ. ನಾಲ್ಕು ಲಕ್ಷವನ್ನು ಮೂರು ಸಮಭಾಗವಾಗಿ ಪ್ರತಿ ವರ್ಷದ ಆರಂಭದಲ್ಲಿ ಬ್ಯಾಂಕು ಕೊಡುತ್ತದೆ, ಬಡ್ಡಿ ಶೇಕಡ 10 ಎಂದಿಟ್ಟುಕೊಳ್ಳಿ. ಓದು ಮುಗಿದ ಮೇಲೆ ಒಂದು ವರ್ಷ ಬಿಡುವುಂಟು. ಆದರೆ ಬಡ್ಡಿಗೆ ಬಿಡುವಿಲ್ಲ. ಅದು ಹಣ ಕೈಗೆ ಬಂದ ದಿನದಿಂದಲೇ ಓಡುತ್ತದೆ. ಸರಳ ಬಡ್ಡಿಯೇ 1,20,000 ರೂಪಾಯಿ ಸೇರಿ ಸಾಲ 5,20,000 ಆಗುತ್ತದೆ. ಇದನ್ನು 10 ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು 6,870 ರೂಪಾಯಿ. ಒಟ್ಟು ಕಟ್ಟುವುದು 8 ಲಕ್ಷ 24 ಸಾವಿರ ದಾಟುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವಳಿಗೆ ತಿಂಗಳಿಗೆ 18,000 ಸಂಬಳ, ಬೆಂಗಳೂರಿನ ಊಟ, ಬಾಡಿಗೆ, ಬಸ್ಸಿಗೆ 11,000 ಎಂದುಕೊಂಡರೆ, ಕಂತು ಕಟ್ಟಿದ ಮೇಲೆ ಉಳಿಯುವುದು 130 ರೂಪಾಯಿ! ಜ್ವರ ಬಂದರೆ ಔಷಧಿಗೂ ಸಾಲದು.

ನಾಲ್ಕು ಲಕ್ಷದವರೆಗಿನ ವಿದ್ಯಾಸಾಲಕ್ಕೆ ಸಾಮಾನ್ಯವಾಗಿ ಆಸ್ತಿ ಅಡವಿಡಬೇಕಾಗಿಲ್ಲ ನಿಜ. ಆದರೆ ತಂದೆ ಅಥವಾ ತಾಯಿ ಜೊತೆ ಸಾಲಗಾರರಾಗಿ ಸಹಿ ಹಾಕುತ್ತಾರೆ. ಸಿರುಗುಪ್ಪದ ಭತ್ತದ ಹಣ, ಕುರುಗೋಡಿನ ಮೆಣಸಿನಕಾಯಿ ಹಣ ಬೆಳೆ ಬಂದಾಗ ಬರುತ್ತದೆ. ಕಂತು ಪ್ರತಿ ತಿಂಗಳೂ ಬರುತ್ತದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಎದೆ ಹೇಗೆ ನಡುಗಿತು ನೆನಪಿದೆಯಲ್ಲವೇ? ಬಳ್ಳಾರಿಯಲ್ಲಿ ಪೀಸಿನ ಲೆಕ್ಕದಲ್ಲಿ ಜೀನ್ಸ್ ಹೊಲಿಯುವ ತಾಯಂದಿರಿಗೂ ಕೆಲಸವಿಲ್ಲದ ವಾರಗಳುಂಟು. ಕಂತು ಅದನ್ನೆಲ್ಲ ಕೇಳುವುದಿಲ್ಲ.

ಸರ್ಕಾರದ ನೆರವಿಗೂ ಮಿತಿಯಿದೆ. ನಮ್ಮಂಥ ಅಲ್ಪಸಂಖ್ಯಾತರ ಮಕ್ಕಳಿಗಾಗಿ ರಾಜ್ಯದಲ್ಲಿರುವ 'ಅರಿವು' ಸಾಲ ಮುಖ್ಯವಾಗಿ ವೈದ್ಯಕೀಯ, ಎಂಜಿನಿಯರಿಂಗ್‌ನಂಥ ವೃತ್ತಿ ಶಿಕ್ಷಣಕ್ಕೆ. 2024ರಲ್ಲಿ ಬಂದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ. ನಿಮ್ಮ ಕಾಲೇಜು, ನಿಮ್ಮ ಪದವಿ ಯಾವುದರಲ್ಲಿ ಸೇರುತ್ತದೆ ಎಂದು ಸಹಿಗೆ ಮೊದಲೇ ವಿಚಾರಿಸಿ. ಸಂಬಳದ ಮಾತನ್ನು ಕಾಲೇಜಿನ ಜಾಹೀರಾತಿನಿಂದ ತಿಳಿಯಬೇಡಿ. ಹಿಂದಿನ ವರ್ಷ ಅಲ್ಲಿಂದ ಹೊರಬಂದ ಮಕ್ಕಳನ್ನೇ ಕೇಳಿ.

ಇಷ್ಟು ಕೇಳಿ, "ಹಾಗಾದರೆ ಬರವಣಿಗೆ ಬೇಡ" ಎಂದು ಯಾರೂ ಎದ್ದು ಹೋಗಬಾರದು. ಯಜಮಾನ ಕೊಟ್ಟ ತಲಾಂತನ್ನು ಹೆದರಿ ನೆಲದಲ್ಲಿ ಹೂತಿಟ್ಟ ಸೇವಕನನ್ನು ಸ್ವಾಮಿ ಮೆಚ್ಚಲಿಲ್ಲ. ಬರೆಯುವ ವರ ದೇವರದು. ಧರ್ಮಸಭೆ ಬರಹಗಾರರಿಗೆ ಒಬ್ಬ ಪಾಲಕ ಸಂತರನ್ನೇ ಕೊಟ್ಟಿದೆ. 1923ರಲ್ಲಿ ಹನ್ನೊಂದನೇ ಪಿಯುಸ್ ಜಗದ್ಗುರುಗಳು ಸಂತ ಫ್ರಾನ್ಸಿಸ್ ಸಾಲೆಸರನ್ನು ಹಾಗೆ ಘೋಷಿಸಿದರು. ಪ್ರಶ್ನೆ ಬರೆಯಬೇಕೇ ಬೇಡವೇ ಎಂಬುದಲ್ಲ. ಬರೆಯಲು ಅಷ್ಟು ಸಾಲ ಬೇಕೇ ಎಂಬುದು.

ನಮ್ಮ ನೆಲದವರನ್ನೇ ನೋಡಿ. ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿಯವರು ಪೊಲೀಸ್ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ನಾಡನ್ನು ನಗಿಸಿದರು. ಕೊಟ್ಟೂರಿನ ಕುಂ. ವೀರಭದ್ರಪ್ಪನವರು ಶಾಲಾ ಶಿಕ್ಷಕರಾಗಿದ್ದುಕೊಂಡೇ ಬರೆದರು. 'ಅರಮನೆ' ಕಾದಂಬರಿಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ನಮ್ಮವರೇ ಆದ ಸಾಗರದ ನಾ. ಡಿಸೋಜರು ಲೋಕೋಪಯೋಗಿ ಇಲಾಖೆಯಲ್ಲಿ ದುಡಿದವರು. ಶರಾವತಿಯಲ್ಲಿ ಮುಳುಗಿದ ಊರುಗಳ ದುಃಖ ಅವರ ಕಾದಂಬರಿಗಳಾಯಿತು. 2014ರ ಮಡಿಕೇರಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಇನ್ನೂ ಹಿಂದೆ ಹೋದರೆ ಸಂತ ಪೌಲರು ಕೊರಿಂಥದಲ್ಲಿ ಗುಡಾರ ಹೊಲಿದು ಅನ್ನ ಸಂಪಾದಿಸಿದರು. ಅವರ ಪತ್ರಗಳನ್ನು ನಾವು ಇಂದಿಗೂ ಪೂಜೆಯಲ್ಲಿ ಓದುತ್ತೇವೆ. ಅನ್ನದ ಕೆಲಸ ಇವರ ಲೇಖನಿಗೆ ಅವಮಾನವಾಗಲಿಲ್ಲ, ಊರುಗೋಲಾಯಿತು.

ಆ ತಂದೆ ಮಗಳನ್ನು ಕರೆದು ಕಚೇರಿಯ ಮೇಜಿನ ಮುಂದೆ ಕೂರಿಸಿದೆ. ಲೆಕ್ಕವನ್ನು ಮಗಳ ಕೈಯಲ್ಲೇ ಬರೆಸಿದೆ. ನೂರಮೂವತ್ತು ರೂಪಾಯಿ ಬಂದಾಗ ಅವಳ ಪೆನ್ನು ನಿಂತಿತು. ಒಂದು ವಾರ ಯೋಚಿಸಿ ಬಂದಳು. ಬಳ್ಳಾರಿಯ ಸರ್ಕಾರಿ ಕಾಲೇಜಿನಲ್ಲಿ ಬಿ.ಎ. ಓದುತ್ತಾಳೆ. ಮುಂದೆ ಎಂ.ಎ.ಗೆ ಬಳ್ಳಾರಿಯಲ್ಲೇ 2010ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯವಿದೆ, ಹಂಪಿಯಲ್ಲಿ 1991ರ ಕನ್ನಡ ವಿಶ್ವವಿದ್ಯಾಲಯವಿದೆ. ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಆಗ ನಾನು ತಂದೆಗೆ ಹೇಳಿದೆ: "ನೋಡಿ, ಉಳಿದದ್ದು ಬರೀ ಹಣವಲ್ಲ, ಮಗಳ ಆಸೆಯೂ ನಿಮ್ಮ ಕೈಯಲ್ಲಿ ಉಳಿದಿದೆ. ಕಂತಿಗೆ ಹೋಗಬೇಕಾದದ್ದರಲ್ಲಿ ತಿಂಗಳಿಗೆ ಐನೂರಾದರೂ ಅವಳ ಪುಸ್ತಕಕ್ಕೆ ಇಡಿ. ಅವಳು ಬರೆಯುವಾಗ ನೀರು ತಾ, ಕಸ ಹೊಡಿ ಎಂದು ಕೂಗಬೇಡಿ." ಅವರು ತಲೆಯಾಡಿಸಿದರು.

ತಂದೆತಾಯಂದಿರೇ, ಮಕ್ಕಳ ಆಸೆಯನ್ನು ಹೀಯಾಳಿಸಬೇಡಿ. ಪ್ರೀತಿಯ ಭರದಲ್ಲಿ ಕಣ್ಣು ಮುಚ್ಚಿ ಸಹಿಯನ್ನೂ ಹಾಕಬೇಡಿ. ಮಕ್ಕಳೇ, ಅಪ್ಪನ ಸಹಿಯ ಹಿಂದೆ ಎಷ್ಟು ಬೆಳೆಗಳ ಬೆವರಿದೆ ಎಂದು ನೋಡಿ. ಈ ವಾರ ಒಂದು ಸಂಜೆ ಜಪಸರದ ನಂತರ ಒಟ್ಟಿಗೆ ಕುಳಿತು ಒಂದು ಹಾಳೆಯಲ್ಲಿ ಲೆಕ್ಕ ಬರೆಯಿರಿ. ಕೊಟ್ಟ ವರವನ್ನು ಹೂಳದ ಧೈರ್ಯವನ್ನೂ, ಕುಳಿತು ಎಣಿಸುವ ವಿವೇಕವನ್ನೂ ಪ್ರಭು ನಮ್ಮ ಕುಟುಂಬಗಳಿಗೆ ದಯಪಾಲಿಸಲಿ.