ಕುಂಬಳಕಾಯಿ ಕೇಳಿದವರು, ತೆಂಗಿನಕಾಯಿ ಒಡೆದವರು

ವಾದಕ್ಕೆ ಇಬ್ಬರು ಸಾಕು. ಜಗಳಕ್ಕೆ ನೋಡುವವರು ಬೇಕು.

*

ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ದೈವಭಕ್ತ ಚಿಕ್ಕಪ್ಪನಿಗೂ ದೇವರನ್ನು ನಂಬದ ಅಣ್ಣನ ಮಗನಿಗೂ ಮಾತಿಗೆ ಮಾತು ಬೆಳೆಯಿತು ಅನ್ನಿ. ಅದೇ ಇಬ್ಬರು ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದರೆ, ನಾಲ್ಕನೇ ಮಾತಿಗೆ ಯಾರಾದರೊಬ್ಬರು "ಹೋಗ್ಲಿ ಬಿಡು, ಈ ಸಲ ಮಾವು ಹೇಗೆ ಬಿಟ್ಟಿದೆ?" ಎಂದು ಕೇಳಿ ಮುಗಿಸಿಬಿಡುತ್ತಿದ್ದರು. ಗುಂಪಿನಲ್ಲಿ ಮಾವಿನ ಸುದ್ದಿಗೆ ಜಾರುವುದು ಕಷ್ಟ. ನಲವತ್ತು ಜನ ಓದಿ ಸುಮ್ಮನಿದ್ದಾರೆ. ಇಲ್ಲಿ ಸೋತ ಮುಖವನ್ನು ಮುಂದಿನ ಮದುವೆ ಮನೆಗೂ ಹೊತ್ತುಕೊಂಡು ಹೋಗಬೇಕು. ಹಾಗಾಗಿ ಚಿಕ್ಕಪ್ಪ ಬರೆಯುವುದೂ ಆ ನಲವತ್ತು ಜನಕ್ಕೆ, ಹುಡುಗ ಬರೆಯುವುದೂ ಅವರಿಗೇ.

*

ಹದಿನಾಲ್ಕನೇ ಶತಮಾನದ ಮಾಧವಾಚಾರ್ಯರು (ಶೃಂಗೇರಿಯ ವಿದ್ಯಾರಣ್ಯರೇ ಇವರು ಎನ್ನುತ್ತದೆ ಪರಂಪರೆ) 'ಸರ್ವದರ್ಶನ ಸಂಗ್ರಹ' ಬರೆದರು. ಅದ್ವೈತಿಯ ಕೈಯ ಪುಸ್ತಕ. ತೆರೆದರೆ ಮೊದಲು ಎದುರಾಗುವವರು ಚಾರ್ವಾಕರು: ಕಣ್ಣಿಗೆ ಕಂಡದ್ದೇ ಪ್ರಮಾಣ, ಪರಲೋಕವಿಲ್ಲ, ಯಜ್ಞಯಾಗಗಳು ಪುರೋಹಿತರ ಹೊಟ್ಟೆಪಾಡು. ಖಂಡಿಸುವ ಮೊದಲು ಎದುರಾಳಿಯ ಮಾತನ್ನು ಅವನೇ ಕೇಳಿದರೂ ತಲೆದೂಗುವಂತೆ ಮಂಡಿಸಬೇಕು ಎಂಬುದು ಆ ಕಾಲದ ವಾದದ ಶಿಸ್ತು. ಪೂರ್ವಪಕ್ಷ ಎನ್ನುವುದು ಅದಕ್ಕೇ.

ಚಾರ್ವಾಕರ ಸ್ವಂತ ಗ್ರಂಥಗಳು ಬಹುಪಾಲು ಕಳೆದುಹೋಗಿವೆ. ಅವರ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಅವರನ್ನು ಒಪ್ಪದವರು ಬರೆದಿಟ್ಟದ್ದು. ಆದರೆ ಅಲ್ಲಿಯೂ ಮೋಸವಿದೆ. ಜನರ ಬಾಯಲ್ಲಿ ಉಳಿದದ್ದು ಸಾಲ ಮಾಡಿಯಾದರೂ ತುಪ್ಪ ತಿನ್ನು ಎಂಬ ಮಾತೊಂದೇ. ಹೊಗೆ ಕಂಡಲ್ಲೆಲ್ಲ ಬೆಂಕಿ ಇದ್ದೇ ಇರುತ್ತದೆಂದು ಎಲ್ಲ ಕಾಲಕ್ಕೂ ಎಲ್ಲ ದೇಶಕ್ಕೂ ಅನ್ವಯಿಸಿ ಹೇಳಲು ನಿಮಗೆ ಯಾವ ಆಧಾರ ಎಂದು ಅವರು ಕೇಳಿದ್ದು, ತರ್ಕಶಾಸ್ತ್ರದ ಬುಡವನ್ನೇ ಅಲ್ಲಾಡಿಸಿದ್ದು, ಪಂಡಿತರ ಕೋಣೆ ದಾಟಿ ಹೊರಗೆ ಬರಲಿಲ್ಲ.

*

ಇವತ್ತಿನ ಪೂರ್ವಪಕ್ಷದ ಹೆಸರು ಸ್ಕ್ರೀನ್‌ಶಾಟ್.

*

ನಾಸ್ತಿಕನಿಗೆ ಕಳ್ಳಸ್ವಾಮಿಯೇ ಬೇಕು. ಆಸ್ತಿಕನಿಗೆ ಉಡಾಫೆಯ ಹುಡುಗನೇ ಬೇಕು. ವೇದಾಂತ ಬಲ್ಲವನ ಎದುರು ಕೂರಲು, ಕಷ್ಟದಲ್ಲಿದ್ದೂ ದೇವರ ಕೋಣೆ ಕಡೆ ತಿರುಗಿ ನೋಡದ ವೃದ್ಧನ ಎದುರು ಕೂರಲು ಯಾರಿಗೂ ಪುರಸೊತ್ತಿಲ್ಲ.

*

2011ರ ಜನಗಣತಿಯಲ್ಲಿ ತಾವು ನಾಸ್ತಿಕರೆಂದು ಬರೆಸಿದವರು ಇಡೀ ಭಾರತದಲ್ಲಿ ಸುಮಾರು 33 ಸಾವಿರ. ದೇವರು ಮೂವತ್ಮೂರು ಕೋಟಿ ಎಂಬ ಲೆಕ್ಕ ಮೊದಲೇ ಇದ್ದದ್ದರಿಂದ, ತಲೆಗೆ ಹತ್ತು ಸಾವಿರ ದೇವರ ಹಾಗೆ ಸರಿಯಾಗಿ ಹಂಚಿಹೋಗುತ್ತದೆ. ತಮಾಷೆ ಬದಿಗಿರಲಿ. ನಂಬದವರು ಅಷ್ಟೇ ಜನ ಅಂತ ಯಾರೂ ತಿಳಿಯಬೇಕಿಲ್ಲ. ಗಣತಿಯವರು ಬಂದಾಗ ಬಾಗಿಲಲ್ಲಿ ನಿಂತು ಉತ್ತರ ಕೊಡುವುದು ಅಪ್ಪನೋ ಅಜ್ಜನೋ. ಒಳಗಿನ ಕೋಣೆಯಲ್ಲಿ ಮಲಗಿರುವ ಮಗ ಯಾವ ಮತದವನೆಂದು ಅವನನ್ನು ಎಬ್ಬಿಸಿ ಕೇಳುವ ಪದ್ಧತಿ ಇಲ್ಲ.

*

ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ತನಿಖೆಗೆ ಒಂದು ಸಮಿತಿ ಮಾಡಿದರು. ಭೌತಶಾಸ್ತ್ರದ ಮೇಷ್ಟ್ರು, ಖಾದಿ ತೊಟ್ಟ ಗಾಂಧಿವಾದಿ, ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಬದುಕು ಕಳೆದ ಬ್ರಹ್ಮಚಾರಿ. ಬರಿಗೈಯಿಂದ ವಿಭೂತಿ, ಉಂಗುರ ತೆಗೆಯುತ್ತಾರೆಂದು ಹೆಸರಾಗಿದ್ದ ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದರು. ಉಂಗುರದ ಬದಲು ಒಂದು ಕುಂಬಳಕಾಯಿ ಬರಲಿ ಎಂಬುದು ಅವರ ಹೆಸರಿನೊಂದಿಗೆ ಅಂಟಿಕೊಂಡಿರುವ ಸವಾಲು. ಕುಂಬಳಕಾಯಿಯನ್ನು ಅಂಗಿಯ ತೋಳಿನಲ್ಲಿ ಬಚ್ಚಿಡಲಾಗುವುದಿಲ್ಲ ನೋಡಿ. ಪತ್ರಗಳಿಗೆ ಉತ್ತರ ಬರಲಿಲ್ಲ. ಪರೀಕ್ಷೆ ನಡೆಯಲಿಲ್ಲ.

ಭಕ್ತರಿಗೆ ಇದು ಉದ್ಧಟತನವಾಗಿ ಕಂಡಿತು. ನನಗೆ ಹಾಗನ್ನಿಸುವುದಿಲ್ಲ. "ಇದ್ದರೂ ಇರಬಹುದು, ಯಾಕೆ ಬೇಕು, ಒಂದು ನಮಸ್ಕಾರ ಹಾಕಿಬಿಡೋಣ" ಎನ್ನುವವನಿಗಿಂತ, ತೋರಿಸಿ ಎಂದು ಕೇಳುವವನು ಪವಾಡವನ್ನು ಹೆಚ್ಚು ಗಂಭೀರವಾಗಿ ತೆಗೆದುಕೊಂಡಿರುತ್ತಾನೆ.

*

ಕೊಂಡ ಹಾಯುವುದರಲ್ಲಿ ಪವಾಡವೇನಿಲ್ಲ ಎಂದು ತೋರಿಸಲು ವಿಚಾರವಾದಿಗಳು ತಾವೇ ಕೆಂಡದ ಮೇಲೆ ನಡೆದು ತೋರಿಸುತ್ತಾರೆ. ಇದ್ದಿಲು ಶಾಖವನ್ನು ನಿಧಾನವಾಗಿ ದಾಟಿಸುತ್ತದೆ, ಅಂಗಾಲು ಕೆಂಡಕ್ಕೆ ತಾಗುವುದು ಕ್ಷಣಮಾತ್ರ, ಅಷ್ಟರಲ್ಲಿ ಸುಡುವಷ್ಟು ಶಾಖ ಒಳಗಿಳಿಯದು. ವಿವರಣೆ ಪೂರ್ತಿ ಸರಿ. ದೈವಶಕ್ತಿ ತನ್ನೊಳಗಿದೆ ಎಂದು ಕೆಂಡ ತೋರಿಸಿ ಕಾಣಿಕೆ ಎತ್ತುವವನಿಗೆ ಅದು ತಕ್ಕ ಉತ್ತರ. ಆದರೆ ಮಗುವಿನ ಜ್ವರ ಇಳಿದರೆ ಕೊಂಡ ಹಾಯ್ತೀನಿ ಎಂದು ಹರಕೆ ಹೊತ್ತು, ಹಳದಿ ಸೀರೆ ಉಟ್ಟು ಸಾಲಿನಲ್ಲಿ ನಿಂತ ತಾಯಿ ಇದ್ದಿಲಿನ ಗುಣ ಕೇಳಿಲ್ಲ. ಅವಳು ಕೊಟ್ಟ ಮಾತು ತೀರಿಸಲು ಬಂದಿದ್ದಾಳೆ. ಇಬ್ಬರಿಗೂ ಒಂದೇ ಭಾಷಣ ಕೊಟ್ಟು ಇಳಿದುಬರುವ ವಿಚಾರವಾದಿ, ಅವಳು ಯಾಕೆ ಕಿವಿಗೊಡಲಿಲ್ಲ ಎಂದು ಆಶ್ಚರ್ಯಪಡುತ್ತಾನೆ.

*

"ಕಷ್ಟ ಬರಲಿ ನಿನಗೆ, ಆಗ ಗೊತ್ತಾಗುತ್ತೆ ದೇವರು ಯಾರಂತ." ಇದು ಉಪದೇಶದ ವೇಷ ಹಾಕಿದ ಶಾಪ.

"ಆಗ ಎಲ್ಲಿದ್ದ ನಿಮ್ಮ ದೇವರು?" ಜಗತ್ತಿನ ಅತಿ ಹಳೆಯ, ಅತಿ ನ್ಯಾಯದ ಪ್ರಶ್ನೆ. ಸಾವಿನ ಮನೆಯಲ್ಲಿ ಕೇಳಿದರೆ ಇದೂ ಕ್ರೌರ್ಯವೇ.

*

ದೇವಸ್ಥಾನದ ಬಗ್ಗೆ, ಪೂಜಾರಿಯ ಬಗ್ಗೆ ಕನ್ನಡದಲ್ಲಿ ಆಡಿದ ಅತಿ ಕಟುವಾದ ಮಾತುಗಳು ಯಾರವು? ನಾಸ್ತಿಕರವಲ್ಲ. ವಚನಕಾರರವು, ದಾಸರವು; ಶಿವನಿಗಾಗಿ, ಹರಿಗಾಗಿ ಹಂಬಲಿಸಿದವರವು. ಮೊನ್ನೆ ಮೊನ್ನೆ ಕುವೆಂಪು. ವಿಚಾರಕ್ರಾಂತಿಗೆ ಕರೆಕೊಟ್ಟ ಕವಿ ರಾಮಕೃಷ್ಣ ಪರಮಹಂಸರ ಪರಮಭಕ್ತ. ಅವರ ಮಂತ್ರಮಾಂಗಲ್ಯದಲ್ಲಿ ಪುರೋಹಿತನಿಲ್ಲ, ಮುಹೂರ್ತವಿಲ್ಲ, ವರದಕ್ಷಿಣೆಯಿಲ್ಲ. ಮಂತ್ರವಿದೆ. 1966ರಲ್ಲಿ ಮಗ ತೇಜಸ್ವಿಯ ಮದುವೆ ನಡೆದದ್ದು ಹಾಗೆ. ಇವರನ್ನು ಯಾವ ಸಾಲಿನಲ್ಲಿ ಕೂರಿಸುತ್ತೀರಿ?

ಇತ್ತ ಸೃಷ್ಟಿಕರ್ತನ ವಿರುದ್ಧದ ವಾದವನ್ನು ಹುಡುಕಿಕೊಂಡು ಯುರೋಪಿಗೆ ಹೋಗಬೇಕಿಲ್ಲ. ಒಂಬತ್ತನೇ ಶತಮಾನದ ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದಲ್ಲಿದೆ. ರಾಷ್ಟ್ರಕೂಟರ ಕಾಲದ್ದು, ಬರೆದವರು ಮಠಮಾನ್ಯ ಮುನಿ. ಕರ್ಮಠರಲ್ಲಿ ಕರ್ಮಠರಾದ ಮೀಮಾಂಸಕರಿಗೂ ಯಜ್ಞ ಬೇಕಿತ್ತೇ ಹೊರತು ಲೋಕವನ್ನು ಮಾಡಿದವನೊಬ್ಬ ಬೇಕಿರಲಿಲ್ಲ. ದೇವರನ್ನು ನಂಬದ ಹುಡುಗನಿಗೆ "ನೀನು ನಮ್ಮ ಸಂಸ್ಕೃತಿಯವನಲ್ಲ" ಎನ್ನುವವರು ಆ ಸಂಸ್ಕೃತಿಯ ಕಪಾಟನ್ನು ಒಮ್ಮೆ ತೆರೆದು ನೋಡಲಿ.

*

"ಏನೋ, ದೇವರೇ ಇಲ್ಲ ಅಂತೀಯಂತೆ?"

"ಹೂಂ ದೊಡ್ಡಮ್ಮ."

"ಇಲ್ದಿದ್ರೆ ಇಲ್ಲ ಬಿಡು. ಬಾ ಇಲ್ಲಿ, ಈ ಕಾಯಿ ಒಡೆದುಕೊಡು. ನನ್ನ ರಟ್ಟೇಲಿ ಕಸುವಿಲ್ಲ."

ನೈವೇದ್ಯದ ಕಾಯಿಯನ್ನು ಆ ಹುಡುಗ ಹಿತ್ತಿಲ ಕಲ್ಲಿನ ಮೇಲೆ ಒಂದೇ ಏಟಿಗೆ ಎರಡು ಹೋಳು ಮಾಡಿದ. ಕಾಯಿನೀರು ಲೋಟಕ್ಕೆ, ಹೋಳು ತಟ್ಟೆಗೆ. ದೊಡ್ಡಮ್ಮ ಹೋಳುಗಳನ್ನು ತಿರುಗಿಸಿ ನೋಡಿ "ಚೆನ್ನಾಗಿ ಒಡೆದಿದೆ, ಶುಭ" ಎಂದರು. ಅವನು ತಿದ್ದಲು ಹೋಗಲಿಲ್ಲ.

ಇಂಥದ್ದನ್ನು ಹೇಳಿ, ನೋಡಿ ನಮ್ಮ ಹಿರಿಯರ ಔದಾರ್ಯ ಎಂದು ಲೇಖನ ಮುಗಿಸುವುದು ವಾಡಿಕೆ. ನನ್ನದೊಂದು ತಕರಾರಿದೆ. ಅದೇ ಮಾತನ್ನು ಆ ಮನೆಯ ಸೊಸೆ ಆಡಿದ್ದರೆ?

*

ನಮ್ಮಲ್ಲಿ ನಾಸ್ತಿಕತೆ ಬಹುಮಟ್ಟಿಗೆ ಗಂಡಸರ ಸವಲತ್ತು. ಗೌರಿ ಹಬ್ಬದ ದಿನ ಅವನು ಪೇಪರ್ ಓದುತ್ತ ಕೂರುತ್ತಾನೆ. ಅವನ ಪಾಲಿನ ಪೂಜೆಯನ್ನೂ ಸೇರಿಸಿ ಹೆಂಡತಿ ಮಾಡುತ್ತಾಳೆ. ಕಡುಬು ಬಂದಾಗ ಅವನಿಗೆ ಯಾವ ಸಿದ್ಧಾಂತವೂ ಅಡ್ಡ ಬರುವುದಿಲ್ಲ. ಅವಳು ನಂಬುತ್ತಾಳೋ ಇಲ್ಲವೋ, ಯಾರೂ ಕೇಳಿಲ್ಲ, ಬಹುಶಃ ಅವನೂ.

*

1927ರಲ್ಲಿ ಬ್ರಿಟಿಷರು ದಂಡಸಂಹಿತೆಗೆ 295ಎ ಸೇರಿಸಿದರು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ. ಬುದ್ಧಿಪೂರ್ವಕವಾಗಿ, ದುರುದ್ದೇಶದಿಂದ ಧಾರ್ಮಿಕ ಭಾವನೆ ಕೆರಳಿಸುವುದು ಅಪರಾಧ. ಆ ಎರಡು ಪದಗಳನ್ನು ಸಾಬೀತು ಮಾಡುವುದು ಸುಲಭವಲ್ಲ. ಆದರೆ ಸಾಬೀತಾಗುವವರೆಗೆ ಠಾಣೆಯಿಂದ ಕೋರ್ಟಿಗೆ, ಕೋರ್ಟಿನಿಂದ ಠಾಣೆಗೆ ಅಲೆದದ್ದೇ ಶಿಕ್ಷೆಯಾಗಿಬಿಡುತ್ತದೆ. 1976ರ ಸಂವಿಧಾನ ತಿದ್ದುಪಡಿಯಿಂದ ವೈಜ್ಞಾನಿಕ ಮನೋಭಾವ ಬೆಳೆಸುವುದು ಪ್ರಜೆಯ ಮೂಲಭೂತ ಕರ್ತವ್ಯವೂ ಹೌದು. ಅದಕ್ಕೆ ನೋವಾಯಿತೆಂದು ದೂರು ಕೊಡುವ ಕಲಂ ಯಾವ ಪುಸ್ತಕದಲ್ಲೂ ಇಲ್ಲ.

*

ಎರಡೂ ಕಡೆ ತಪ್ಪಿದೆ ಎನ್ನುವುದು ಸಭ್ಯರ ಮಾತು. ಒಂದು ಹಂತದವರೆಗೆ ನಾನೂ ಆ ಮಾತಿನವನೇ. ಆದರೆ ಮೂಢನಂಬಿಕೆ ವಿರುದ್ಧ ದುಡಿದ ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರ ಬೆಳಗ್ಗೆ ಪುಣೆಯಲ್ಲಿ, ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದ ಅವರ ಮನೆಯಲ್ಲಿ ಗುಂಡಿಟ್ಟು ಕೊಂದರು. ಕಲಬುರ್ಗಿ ನಾಸ್ತಿಕರ ಸಂಘ ಕಟ್ಟಿದವರಲ್ಲ, ಆಯುಷ್ಯವನ್ನೆಲ್ಲ ವಚನಗಳಿಗೆ, ಶಾಸನಗಳಿಗೆ ಸವೆಸಿದವರು. ಮನಸ್ಸಿಗೆ ನೋವಾಯಿತು ಎನ್ನುವವರನ್ನೂ ಪ್ರಾಣ ಕಳೆದುಕೊಂಡವರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಸಭ್ಯತೆಯಲ್ಲ.

ಆ ಕೊಲೆಗಳ ಹೊಣೆಯನ್ನು ಬೆಳಗ್ಗೆ ರಂಗೋಲಿ ಹಾಕಿ ದೀಪ ಹಚ್ಚುವವಳ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಇಷ್ಟು ಹೇಳಿದ್ದಕ್ಕೆ ಎರಡೂ ಕಡೆಯವರು ನನ್ನನ್ನು ಬೈಯುತ್ತಾರೆಂಬುದು ಗೊತ್ತಿದೆ.

*

"ಇನ್ನೂ ಬಿಸಿರಕ್ತ. ಅರವತ್ತಾಗಲಿ, ಆಮೇಲೆ ನೋಡೋಣ." ದೇವರನ್ನು ನಂಬದವನಿಗೆ ಹಿರಿಯರು ಕೊಡುವ ಖಾಯಂ ಉತ್ತರ. ಎ.ಎನ್. ಮೂರ್ತಿರಾಯರ 'ದೇವರು' ಅಚ್ಚಾದದ್ದು 1991ರಲ್ಲಿ. ಅವರು ಹುಟ್ಟಿದ್ದು 1900. ತೊಂಬತ್ತು ದಾಟಿದ ಮೇಲೆ ದೇವರಿಲ್ಲವೆಂದು ಪುಸ್ತಕ ಬರೆದು, ಇನ್ನೂ ಹನ್ನೆರಡು ವರ್ಷ ಬದುಕಿ ತೀರಿಕೊಂಡರು. ಓದಿದರೆ ಬಿಸಿರಕ್ತದ ಸುಳಿವೂ ಸಿಗುವುದಿಲ್ಲ. ಕೂಗಾಟವಿಲ್ಲ, ಗೇಲಿ ಅಲ್ಪ. ಅದಕ್ಕೇ ಅದಕ್ಕೆ ಉತ್ತರ ಕೊಡುವುದು ಕಷ್ಟ.

*

ದೇವರೆಂಬ ಕಲ್ಪನೆಯೇ ಜನರನ್ನು ಕೈಕಟ್ಟಿ ಕೂರಿಸಿದೆ ಎಂದು ನಂಬಿದ್ದ ಆಂಧ್ರದ ಗೋರಾ, ರಾಮನಾಮವಿಲ್ಲದೆ ದಿನ ಮುಗಿಸದ ಗಾಂಧಿ. ಇಬ್ಬರೂ ಮುಖಾಮುಖಿಯಾದದ್ದು 1944ರಲ್ಲಿ, ಸೇವಾಗ್ರಾಮದಲ್ಲಿ. ಮಾತು ವರ್ಷಗಟ್ಟಲೆ ನಡೆಯಿತು. ಒಬ್ಬರು ಇನ್ನೊಬ್ಬರ ಕಡೆಗೆ ಬರಲಿಲ್ಲ. ಗೋರಾ ತಮ್ಮ ಮಗಳನ್ನು ಅಸ್ಪೃಶ್ಯರೆನಿಸಿಕೊಂಡ ಸಮುದಾಯದ ಹುಡುಗನಿಗೆ ಕೊಡಲು ನಿಶ್ಚಯಿಸಿದಾಗ, ಮದುವೆ ಆಶ್ರಮದಲ್ಲೇ ಆಗಲಿ ಎಂದು ಗಾಂಧಿ ಒಪ್ಪಿದರು. ವಿಧಿಯಲ್ಲಿ ದೇವರ ಹೆಸರು ಬರುವ ಕಡೆ ಸತ್ಯದ ಹೆಸರು ಹೇಳಿದರಾಯಿತು ಎಂದರು. ಅಷ್ಟರಲ್ಲಿ ಅವರ ಕೊಲೆಯಾಯಿತು. ಮದುವೆ 1948ರ ಮಾರ್ಚ್‌ನಲ್ಲಿ ಸೇವಾಗ್ರಾಮದಲ್ಲೇ ನಡೆಯಿತು.

ದೇವರ ವಿಷಯದಲ್ಲಿ ಒಪ್ಪದವರು ಜಾತಿಯ ವಿಷಯದಲ್ಲಿ ಒಪ್ಪಿದರು. ನಮ್ಮಲ್ಲಿ ಹೆಚ್ಚಾಗಿ ಇದರ ತಿರುಗುಮುರುಗು. ದೇವರ ಬಗ್ಗೆ ಹೊಡೆದಾಡುವ ಚಿಕ್ಕಪ್ಪನೂ ಅಣ್ಣನ ಮಗನೂ ಹೆಣ್ಣು ನೋಡುವಾಗ ಒಂದೇ ಒಳಪಂಗಡದಲ್ಲಿ ನೋಡುತ್ತಾರೆ.

*

1368. ಶ್ರವಣಬೆಳಗೊಳದ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಿದ್ದು, ಜೈನರು ವಿಜಯನಗರದ ಬುಕ್ಕರಾಯನ ಬಳಿ ದೂರು ಒಯ್ದರು. ಒಂದು ಕಡೆ ಜಗತ್ತನ್ನು ಯಾರೂ ಮಾಡಿಲ್ಲ ಎನ್ನುವವರು, ಇನ್ನೊಂದು ಕಡೆ ನಾರಾಯಣನೇ ಮಾಡಿದ ಎನ್ನುವವರು. ಆದರೆ ತಕರಾರು ಇದ್ದದ್ದು ಪಂಚಮಹಾವಾದ್ಯ ಮತ್ತು ಕಲಶದ ಹಕ್ಕಿನ ಬಗ್ಗೆ. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿದ ರಾಯ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟ. ವಾದ್ಯ, ಕಲಶಗಳ ಹಕ್ಕು ಜೈನರಿಗೆ ಹಿಂದಿನಂತೆಯೇ ಉಳಿಯಿತು.

ಅಲ್ಲಿಗೇ ಬಿಟ್ಟಿದ್ದರೆ ಅದೊಂದು ಸೌಹಾರ್ದ ಸಮಾವೇಶವಾಗುತ್ತಿತ್ತು. ಶಾಸನ ಮುಂದುವರಿಯುತ್ತದೆ. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ ಎತ್ತಬೇಕು. ಎತ್ತುವ ಹೊಣೆ ತಿರುಮಲೆಯ ತಾತಯ್ಯನದು, ಅಂದರೆ ವೈಷ್ಣವರ ಕಡೆಯವನದು. ಆ ಹಣದಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲಿನಾಳುಗಳನ್ನು ವೈಷ್ಣವರೇ ನೇಮಿಸಬೇಕು. ಉಳಿದ ಹಣಕ್ಕೆ ಹಾಳುಬಿದ್ದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು.