ಇಲ್ಲೇ ಐತ್ರಿ

ನಮ್ಮೂರು ಕವಿತಾಳ. ರಾಯಚೂರಿನಿಂದ ಲಿಂಗಸೂಗೂರಿಗೆ ಹೋಗೋ ರಸ್ತೇಲಿ ಸಿರವಾರ ದಾಟಿದ ಮೇಲೆ ಸಿಗುತ್ತೆ. ನಾನು ಶಾಲೆಗೆ ಹೋಗುವಾಗ ಮಾನ್ವಿ ತಾಲೂಕು, ಈಗ ಸಿರವಾರ ತಾಲೂಕು. ಬಸ್ ಸ್ಟ್ಯಾಂಡ್ ಹತ್ತಿರ ಅಪ್ಪನದೊಂದು ಸೈಕಲ್ ಅಂಗಡಿ ಇತ್ತು. ಪಂಕ್ಚರ್ ಹಾಕಿಸೋರಿಗಿಂತ ದಾರಿ ಕೇಳೋರೇ ಜಾಸ್ತಿ ಬರ್ತಿದ್ದರು. ಯಾವ ಹಳ್ಳಿ ಹೆಸರು ಹೇಳಿದರೂ ಅಪ್ಪನ ಉತ್ತರ ಒಂದೇ: "ಇಲ್ಲೇ ಐತ್ರಿ, ಹಿಂಗ ಹೋಗ್ರಿ."

ಆ "ಇಲ್ಲೇ" ಎರಡು ಕಿಲೋಮೀಟರ್ ಇರಬಹುದು, ಎಂಟೂ ಇರಬಹುದು. ಹೈಸ್ಕೂಲಿನಲ್ಲಿ ಗಣಿತಕ್ಕೆ ಒಳ್ಳೆ ಮಾರ್ಕ್ಸ್ ಬರ್ತಿದ್ದ ಕೊಬ್ಬಿನಲ್ಲಿ ಒಮ್ಮೆ ಕೇಳಿದ್ದೆ, "ಯಪ್ಪಾ, ಆರು ಕಿಲೋಮೀಟರ್ ಐತಿ. ಇಲ್ಲೇ ಅಂತ ಯಾಕ ಸುಳ್ಳು ಹೇಳ್ತಿ?" ಅಪ್ಪ ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಅದ್ದುತ್ತಲೇ ಹೇಳಿದ, "ಅಂವ ನಡಕೋಂತ ಹೊಂಟಾನ. ಬಸ್ಸು ಇನ್ನ ಸಂಜೀಕ. ಆರು ಅಂದ್ರ ಇಲ್ಲೇ ಕುಂತುಬಿಡ್ತಾನ. ಇಲ್ಲೇ ಅಂದ್ರ ಮುಟ್ಟತಾನ."

ಅವತ್ತು ನಾನು ನಕ್ಕಿದ್ದೆ. ಬಿಇ ಮುಗಿಸಿ ಬೆಂಗಳೂರಿಗೆ ಬಂದಮೇಲೂ ಇದನ್ನ ಒಂದು ಜೋಕಿನ ಹಾಗೆ ಆಫೀಸಿನಲ್ಲಿ ಹೇಳ್ತಿದ್ದೆ. ಅದು ಜೋಕಲ್ಲ ಅಂತ ಗೊತ್ತಾಗಿದ್ದು ಆನೆಗೊಂದಿಯಲ್ಲಿ.

ಬಿಇ ಓದುವಾಗಿನ ಗೆಳೆಯನೊಬ್ಬ ಗಂಗಾವತಿ ಕಡೆಯವನು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಕೆಡವಿದರಲ್ಲ, ಆಮೇಲೆ ಹಂಪಿ ನೋಡೋಕೆ ಬರೋ ಜನ ಆನೆಗೊಂದಿ, ಸಾಣಾಪುರ ಕಡೆ ರೂಮು ಹುಡುಕತೊಡಗಿದರು. ಇವನೂ ಆನೆಗೊಂದಿಯಲ್ಲಿದ್ದ ಅಜ್ಜನ ಮನೆ ರಿಪೇರಿ ಮಾಡಿಸಿ ಎರಡು ರೂಮಿನ ಹೋಂಸ್ಟೇ ಮಾಡಿದ. ಬುಕಿಂಗ್ ಆ್ಯಪಿನಲ್ಲಿ ಹಾಕೋ ವಿವರ ಬರೆದುಕೊಡೋ ಕೆಲಸ ನನ್ನ ಪಾಲಿಗೆ ಬಂತು. ಮ್ಯಾಪಿನಲ್ಲಿ ಎರಡು ಬಿಂದು ಇಟ್ಟು ಅಳೆದೆ. ಬರೆದೆ: "ಹಂಪಿಯ ವಿಜಯ ವಿಠ್ಠಲ ದೇವಸ್ಥಾನ ಇಲ್ಲಿಂದ ಕೇವಲ ಎರಡು ಕಿಲೋಮೀಟರ್."

ಹಂಪಿಗೆ ಹೋದವರಿಗೆ ಇಷ್ಟೊತ್ತಿಗೆ ಗೊತ್ತಾಗಿರುತ್ತೆ. ನಡುವೆ ತುಂಗಭದ್ರೆ ಇದ್ದಾಳೆ.

ದೋಣಿ ಇದ್ದರೆ ಆ ಎರಡು ಕಿಲೋಮೀಟರ್ ನಿಜ. ಆದರೆ ಸಂಜೆಯಾದರೆ ದೋಣಿ ನಿಲ್ಲುತ್ತೆ. ಮಳೆಗಾಲದಲ್ಲಿ ಡ್ಯಾಮಿನಿಂದ ನೀರು ಬಿಟ್ಟರೆ ಹಗಲಲ್ಲೂ ಇಲ್ಲ. ಆಗ ಕಡೆಬಾಗಿಲು ಸೇತುವೆ ದಾಟಿ, ಬುಕ್ಕಸಾಗರ, ಕಮಲಾಪುರ ಸುತ್ತಿಕೊಂಡು ಹೋಗಬೇಕು. ಹೆಚ್ಚುಕಡಿಮೆ 20 ಕಿಲೋಮೀಟರ್. ಆನೆಗೊಂದಿಯಿಂದ ನೇರ ತಳವಾರಘಟ್ಟಕ್ಕೆ ಒಂದು ಸೇತುವೆ ಕಟ್ಟೋಕೆ ಹೊರಟಿದ್ದರು. ಅದೂ ಒಂದು ಕಾರಣವಾಗಿ ಯುನೆಸ್ಕೋ 1999ರಲ್ಲಿ ಹಂಪಿಯನ್ನ ಅಪಾಯದಲ್ಲಿರುವ ಪಾರಂಪರಿಕ ತಾಣಗಳ ಪಟ್ಟಿಗೆ ಸೇರಿಸಿತು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. 2009ರ ಜನವರಿಯಲ್ಲಿ ಕಟ್ಟುತ್ತಿದ್ದ ಸೇತುವೆಯೇ ಕುಸಿದು ಕೂಲಿಕಾರರು ಸತ್ತರು. ಹೊಳೆಯ ಮೇಲೆ ಒಂದು ಗೆರೆ ಎಳೆಯೋದು ಎಷ್ಟು ಕಷ್ಟ ಅನ್ನೋದಕ್ಕೆ ಆ ಊರಿನಲ್ಲಿ ಇಷ್ಟು ದೊಡ್ಡ ಸಾಕ್ಷಿ ಇದೆ. ನಾನು ಬೆಂಗಳೂರಿನಲ್ಲಿ ಕೂತು ಮೌಸಿನಲ್ಲಿ ಎಳೆದುಬಿಟ್ಟಿದ್ದೆ.

ಒಂದು ಆಗಸ್ಟಿನಲ್ಲಿ ಬೆಂಗಳೂರಿಂದ ತಾಯಿ ಮಗಳು ಇಬ್ಬರೇ ಬಂದರು. ತಾಯಿಗೆ ಎಪ್ಪತ್ತು ದಾಟಿದೆ, ಮಂಡಿನೋವು. ಕಲ್ಲಿನ ರಥ ನೋಡಬೇಕು ಅನ್ನೋದು ಅವರ ಎಷ್ಟೋ ವರ್ಷದ ಆಸೆಯಂತೆ. ಕೈಯಲ್ಲಿದ್ದದ್ದು ಒಂದೇ ದಿನ, ರಾತ್ರಿಗೆ ಹೊಸಪೇಟೆಯಿಂದ ವಾಪಸ್ ರೈಲು. ಬೆಳಿಗ್ಗೆ ಹೊಳೆದಂಡೆಗೆ ಹೋದರೆ ನೀರು ಕೆಂಪಗೆ ತುಂಬಿ ಹರಿಯುತ್ತಿದೆ, ದೋಣಿ ಬಂದ್. ಆಟೋ ಹುಡುಕಿ ಹೊರಡೋ ಹೊತ್ತಿಗೆ ಮಧ್ಯಾಹ್ನ. ಅರ್ಧ ದಾರಿಯಲ್ಲಿ ಆ ಕುಲುಕಾಟ ತಾಳಲಾರದೆ ತಾಯಿ "ನನ್ನ ರೂಮಿಗೆ ಬಿಟ್ಟು ನೀನು ಹೋಗಿ ಬಾ" ಅಂದರಂತೆ. ಮಗಳೂ ಹೋಗಲಿಲ್ಲ.

ಸಂಜೆ ಗೆಳೆಯ ಫೋನ್ ಮಾಡಿ ನೇರ ಅವರ ಕೈಗೇ ಕೊಟ್ಟ. ನಾನು ಬೈಗುಳಕ್ಕೆ ರೆಡಿಯಾಗಿದ್ದೆ. ಅವರು ಬೈಯಲಿಲ್ಲ. "ನೀವು ಬರೆದಿದ್ದು ಸುಳ್ಳೇನಲ್ಲ ಬಿಡಿ. ಆದರೆ ಅದನ್ನ ನಂಬಿಕೊಂಡು ಅಮ್ಮನ್ನ ಕರ್ಕೊಂಡು ಬಂದೆ" ಅಂದರು. ಅಷ್ಟೇ.

ಮೊದಲು ನಾನು ಮಾಡಿದ್ದು ನನ್ನ ಪರ ವಾದ. ಅಂಕಿ ಸರಿಯಾಗಿಯೇ ಇತ್ತಲ್ಲ? ಭೂಮಿ ಮೇಲಿನ ಎರಡು ಜಾಗಗಳ ಅಕ್ಷಾಂಶ ರೇಖಾಂಶ ಕೊಟ್ಟರೆ ನೇರ ದೂರ ಲೆಕ್ಕಹಾಕೋ ಸೂತ್ರ ಇದೆ, ನಾವು ಕೋಡಿನಲ್ಲಿ ದಿನಾ ಬಳಸ್ತೀವಿ. ಆ ಸೂತ್ರಕ್ಕೆ ಹೊಳೆ ಗೊತ್ತಿಲ್ಲ, ಮಂಡಿನೋವು ಗೊತ್ತಿಲ್ಲ. ಆದರೆ ನನಗೆ ಹೊಳೆ ಗೊತ್ತಿತ್ತು. ಅಲ್ಲೇ ನನ್ನ ವಾದ ಬಿದ್ದುಹೋಯಿತು. ನನಗೆ ಗೊತ್ತಿದ್ದದ್ದನ್ನ ಅಂಕಿಯ ಹಿಂದೆ ಮುಚ್ಚಿಟ್ಟಿದ್ದೆ.

ಧರ್ಮರಾಯನೂ ಇದನ್ನೇ ಮಾಡಿದ್ದು. ಅಶ್ವತ್ಥಾಮ ಸತ್ತ ಅಂದ. ಸತ್ತಿದ್ದು ಹೌದು, ಆನೆ. ಮಾತು ನಿಜ, ದ್ರೋಣ ತಿಳಕೊಂಡದ್ದು ಸುಳ್ಳು. ಅಲ್ಲಿಯವರೆಗೆ ನೆಲಕ್ಕೆ ತಾಗದೆ ಓಡುತ್ತಿದ್ದ ಅವನ ರಥ ಅವತ್ತು ನೆಲಕ್ಕಿಳಿಯಿತು. ನಿಜ ಹೇಳಿದೆನೋ ಇಲ್ಲವೋ ಅನ್ನೋದನ್ನ ನನ್ನ ವಾಕ್ಯ ನೋಡಿ ತೀರ್ಮಾನ ಮಾಡೋಕಾಗಲ್ಲ. ಕೇಳಿದವರು ಅದನ್ನ ನಂಬಿ ಏನು ಮಾಡಿದರು ಅನ್ನೋದನ್ನೂ ನೋಡಬೇಕು.

ಹಾಗಾದರೆ ಅಪ್ಪನ "ಇಲ್ಲೇ ಐತ್ರಿ"? ಅದು ಅಂಕಿ ಲೆಕ್ಕದಲ್ಲೂ ಸುಳ್ಳು. ಆದರೂ ಅದರಿಂದ ಯಾರಿಗೂ ಮೋಸ ಆಗಿದ್ದು ನನಗೆ ನೆನಪಿಲ್ಲ. ಯಾಕೆ ಅಂತ ಬಹಳ ದಿನ ಯೋಚಿಸಿದೆ. ಎರಡು ವ್ಯತ್ಯಾಸ ಕಂಡವು. ಒಂದು, ಅಪ್ಪನಿಗೆ ಅದರಿಂದ ಒಂದು ಪೈಸೆ ಲಾಭ ಇರಲಿಲ್ಲ. ನನ್ನ ಎರಡು ಕಿಲೋಮೀಟರಿನಿಂದ ರೂಮು ತುಂಬುತ್ತಿತ್ತು. ಎರಡು, ಅಪ್ಪನನ್ನ ಕೇಳಿದವನು ಆಗಲೇ ದಾರಿಯಲ್ಲಿದ್ದ. ಹೋಗೋದು ಖಾಯಂ, ಅವನಿಗೆ ಬೇಕಿದ್ದದ್ದು ಧೈರ್ಯ. ನನ್ನ ಬರಹ ಓದಿದವರು ಇನ್ನೂ ಮನೆಯಲ್ಲಿದ್ದರು. ಹೋಗಬೇಕೋ ಬೇಡವೋ, ಅಮ್ಮನ್ನ ಕರ್ಕೊಂಡು ಹೋಗಬಹುದೋ ಅಂತ ಯೋಚಿಸುತ್ತಿದ್ದರು. ಅವರಿಗೆ ಬೇಕಿದ್ದದ್ದು ವಿಷಯ. ಹೊರಟವನಿಗೆ ಹೇಳೋ ಸಮಾಧಾನವನ್ನ ಇನ್ನೂ ನಿರ್ಧಾರ ಮಾಡದವರಿಗೆ ಹೇಳಿದರೆ ಅದು ಮೋಸ.

ಇನ್ನೊಂದೂ ನೆನಪಾಯಿತು. ಒಂದು ರಾತ್ರಿ ಅಂಗಡಿ ಮುಂದೆ ಟಂಟಂ ಬಂದು ನಿಂತಿತ್ತು, ಒಳಗೆ ಹೆರಿಗೆ ನೋವಿನ ಹೆಣ್ಣುಮಗಳು. ಆಕೆಯ ಅಣ್ಣ ಕೇಳಿದ, "ಕಾಕಾ, ರಾಯಚೂರು ಎಷ್ಟು ದೂರ ಆಗತೈತ್ರಿ?" ಅಪ್ಪ ಇಲ್ಲೇ ಅನ್ನಲಿಲ್ಲ. "ರಾಯಚೂರು ದೂರ ಆಕೈತಿ ತಮ್ಮಾ, ಈ ಗಾಡ್ಯಾಗ ಆಗಂಗಿಲ್ಲ. ಮೊದ್ಲ ಇಲ್ಲೇ ದವಾಖಾನಿಗೆ ತೋರ್ಸು, ಜೀಪ್ ನಾ ನೋಡ್ತೀನಿ" ಅಂದ. ಅಂಗಡಿ ಬಾಗಿಲು ಹಾಕದೇ ಜೀಪಿನವನ ಮನೆಗೆ ಓಡಿದ.

ಅಂದರೆ ಅಪ್ಪ ದೂರ ಹೇಳೋ ಮೊದಲು ಕೇಳಿದವರನ್ನ ನೋಡ್ತಿದ್ದ. ಯಾರು, ಯಾತರಲ್ಲಿ ಹೊರಟಿದ್ದಾರೆ, ಎಷ್ಟು ಅವಸರ. ನಮ್ಮ ಹಿರಿಯರ ಅಳತೆಗಳೂ ಹಾಗೇ ಇದ್ದವು. ಹರದಾರಿ ಅಂದರೆ ಸುಮಾರು ಮೂರು ಮೈಲಿ ಅನ್ನೋ ಲೆಕ್ಕ ಇದ್ದೇ ಇತ್ತು. ಜೊತೆಗೆ ಕೂಗಳತೆ ಅನ್ನೋ ಮಾತೂ ಇತ್ತು. ಕೂಗಿದರೆ ಕೇಳೋ ದೂರ, ಅಂದರೆ ಆ ಕಡೆ ಕೇಳೋಕೆ ಒಬ್ಬ ಇದ್ದಾನೆ ಅಂತ ಅರ್ಥ.

ನಾನು ವಿವರ ತಿದ್ದಿ ಬರೆದೆ: "ಹಂಪಿ ಹೊಳೆಯ ಆಚೆ ಇದೆ. ದೋಣಿ ಹಗಲು ಮಾತ್ರ, ಹೊಳೆ ತುಂಬಿದರೆ ಅದೂ ಇಲ್ಲ. ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್. ವಿಠ್ಠಲ ದೇವಸ್ಥಾನದ ಪಾರ್ಕಿಂಗಿನಿಂದ ಮುಂದೆ ಬ್ಯಾಟರಿ ಗಾಡಿ ಸಿಗುತ್ತೆ. ಅಂಜನಾದ್ರಿ ಹತ್ತಿರ, ಆದರೆ 575 ಮೆಟ್ಟಿಲು. ನಿಮ್ಮ ಜೊತೆ ಯಾರು ಬರ್ತಿದ್ದಾರೆ ಹೇಳಿ, ಹೇಗೆ ಹೋಗಬಹುದು ಅಂತ ನಾವು ಹೇಳ್ತೀವಿ."

ಗೆಳೆಯ ಓದಿ, "ಹಿಂಗ ಬರದ್ರ ಯಾರು ಬರ್ತಾರಲೇ?" ಅಂದ. ಅವನ ಮಾತೂ ಸುಳ್ಳಾಗಲಿಲ್ಲ. ಮೊದಲ ಎರಡು ತಿಂಗಳು ಬುಕಿಂಗ್ ಬಿತ್ತು. ಆಮೇಲೆ ಸ್ವಲ್ಪ ಎದ್ದಿದೆ, ಮೊದಲಿನಷ್ಟಿಲ್ಲ. ನಿಜ ಹೇಳಿದರೆ ಕೊನೆಗೆ ಲಾಭವೇ ಆಗುತ್ತೆ ಅಂತ ಬರೆಯೋಕೆ ನನಗೂ ಆಸೆ. ಆದರೆ ಅದೂ ಇನ್ನೊಂದು "ಕೇವಲ ಎರಡು ಕಿಲೋಮೀಟರ್" ಆಗಿಬಿಡುತ್ತೆ.

ಈಗ ಅಂಗಡಿ ಇಲ್ಲ, ಅಪ್ಪನಿಗೆ ಮೊದಲಿನ ಹಾಗೆ ನಡೆಯೋಕೂ ಆಗಲ್ಲ. ಫೋನಿನಲ್ಲಿ "ಯಾವಾಗ ಬರ್ತೀಪಾ?" ಅಂತ ಕೇಳಿದಾಗಲೆಲ್ಲ ನಾನು ಅವನ ಮಾತನ್ನೇ ಅವನಿಗೆ ಹೇಳ್ತೀನಿ, "ಇಲ್ಲೇ ಅದೀನಲ್ಲಪ್ಪ, ಒಂದು ರಾತ್ರಿ ಬಸ್ಸು." ಹೀಗೆ ಹೇಳ್ತಾ ಏಳು ತಿಂಗಳಾಯಿತು. ಒಂದು ರಾತ್ರಿ ಬಸ್ಸು ಅನ್ನೋದು ನಿಜ. ಆದರೆ ಅದನ್ನ ನಂಬಿಕೊಂಡು ಅಪ್ಪ ಅಲ್ಲಿ ಏನು ಮಾಡ್ತಿದ್ದಾನೆ ಅಂತ ಅವ್ವ ಮೊನ್ನೆ ಹೇಳಿದಳು. ಶನಿವಾರ ಬೆಳಿಗ್ಗೆ ಬೆಂಗಳೂರು ಬಸ್ಸು ಬರೋ ಹೊತ್ತಿಗೆ ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ಕೂರ್ತಾನಂತೆ.