ಅನುಮಾನವನ್ನು ಬಚ್ಚಿಟ್ಟು ಮನೆ ಮಾರಬಹುದೇ?

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮನೆ ಮಾರುವವರು ಟಿಎ6 ಎಂಬ ನಮೂನೆಯಲ್ಲಿ ಮನೆಯ ವಿವರ ತುಂಬಿ ಕೊಳ್ಳುವವರ ವಕೀಲರಿಗೆ ಒಪ್ಪಿಸುವುದು ರೂಢಿ. ಅದರಲ್ಲಿ 2013ರಿಂದ ಒಂದು ಗಿಡವನ್ನು ಹೆಸರು ಹಿಡಿದೇ ಕೇಳಲಾಗುತ್ತಿದೆ: ಈ ಆಸ್ತಿಗೆ ಜಪಾನೀಸ್ ನಾಟ್‌ವೀಡ್‌ನ ಬಾಧೆ ಇದೆಯೇ? ಇದೆ, ಇಲ್ಲ, ಗೊತ್ತಿಲ್ಲ ಎಂಬ ಮೂರು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ಗಿಡ ಇರುವುದು ಖಚಿತವಾಗಿ ತಿಳಿದವರ ಮುಂದಿರುವ ಆಯ್ಕೆ ಸರಳ. ನಿಜ ಹೇಳಬೇಕು, ಇಲ್ಲವೇ ಸುಳ್ಳು ಹೇಳಬೇಕು. ಇಕ್ಕಟ್ಟಿರುವುದು ನಡುವಿನವರಿಗೆ. ವಸಂತದಲ್ಲಿ ಹಿತ್ತಿಲ ಮೂಲೆಯಲ್ಲಿ ಕೆಂಪು ಮೊಳಕೆಗಳು ಎದ್ದದ್ದನ್ನು, ಬೇಸಿಗೆಯ ಹೊತ್ತಿಗೆ ಅವು ಬಿದಿರಿನ ಹಾಗೆ ಗೆಣ್ಣು ಬಿಟ್ಟು ಆಳೆತ್ತರ ಮೀರಿದ್ದನ್ನು ಕಂಡು, ಇದು ಆ ಗಿಡವೇ ಇರಬಹುದೇ ಎಂದು ಒಂದು ಗಳಿಗೆ ಯೋಚಿಸಿ ಸುಮ್ಮನಾದವರು ಇವರು. ಅವರು 'ಗೊತ್ತಿಲ್ಲ' ಎಂದರೆ ಅದು ಸುಳ್ಳಾಗುವುದಿಲ್ಲ. ಆದರೆ ಸುಳ್ಳಲ್ಲದ್ದೆಲ್ಲ ಪ್ರಾಮಾಣಿಕವಾಗುತ್ತದೆಯೇ? ಆಗುವುದಿಲ್ಲ ಎಂಬುದು ನನ್ನ ವಾದ. ಆಧಾರವಿರುವ ಅನುಮಾನವೂ ಒಂದು ತಿಳಿವಳಿಕೆಯೇ. ಮನೆ ಕೈ ಬದಲಾಯಿಸುವಾಗ ಅದನ್ನೂ ಮನೆಯ ಜೊತೆಗೇ ದಾಟಿಸಬೇಕು.

ಈ ಪ್ರಶ್ನೆ ಇಷ್ಟು ತೀಕ್ಷ್ಣವಾಗುವುದು ಗಿಡದ ಸ್ವಭಾವದಿಂದಲೇ. ಫಿಲಿಪ್ ಫ್ರಾನ್ಸ್ ಫಾನ್ ಸೀಬೋಲ್ಡ್ ಎಂಬ ಜರ್ಮನ್ ವೈದ್ಯ ಇದನ್ನು ಜಪಾನಿನಿಂದ ತಂದು ಹಾಲೆಂಡಿನ ಲೈಡನ್‌ನ ತನ್ನ ಸಸ್ಯಾಗಾರದಲ್ಲಿ ಬೆಳೆಸಿದ. 1847ರಲ್ಲಿ ಉಟ್ರೆಕ್ಟ್‌ನ ಕೃಷಿ ಮತ್ತು ತೋಟಗಾರಿಕೆ ಸಂಘ ಆ ವರ್ಷದ ಅತ್ಯಂತ ಆಸಕ್ತಿಕರ ಹೊಸ ಅಲಂಕಾರ ಸಸ್ಯವೆಂದು ಇದಕ್ಕೆ ಚಿನ್ನದ ಪದಕ ಕೊಟ್ಟಿತು. 1850ರಲ್ಲಿ ಇದು ಲಂಡನ್ನಿನ ಕ್ಯೂ ಉದ್ಯಾನ ಸೇರಿತು. ತೋಟದ ಚೆಲುವಿಗೆಂದು ನಮ್ಮಲ್ಲಿಗೆ ಬಂದ ಲಂಟಾನ ಬಂಡೀಪುರದ ಕಾಡನ್ನು ಆವರಿಸಿಕೊಂಡ ಬಗೆಯನ್ನು ಬಲ್ಲವರಿಗೆ ಮುಂದಿನ ಕತೆಯನ್ನು ಬಿಡಿಸಿ ಹೇಳಬೇಕಿಲ್ಲ. ಬ್ರಿಟನ್ನಿನ ನಾಟ್‌ವೀಡ್ ಒಂದೇ ಹೆಣ್ಣು ಗಿಡದ ತದ್ರೂಪು ಎಂದು ತಳಿಶಾಸ್ತ್ರಜ್ಞರು ತೋರಿಸಿದ್ದಾರೆ. ಅಲ್ಲಿ ಅದು ಹಬ್ಬಿದ್ದು ನೆಲದೊಳಗಿನ ಬೇರುಕಾಂಡದ ತುಂಡುಗಳಿಂದ. ಒಂದು ಗ್ರಾಂ ತೂಗದ ಚೂರೂ ಮತ್ತೊಂದು ಗಿಡವಾಗಬಲ್ಲದು. ಚಳಿಗಾಲದಲ್ಲಿ ನೆಲದ ಮೇಲಿನ ಭಾಗವೆಲ್ಲ ಸಾಯುತ್ತದೆ. ಒಣಕಡ್ಡಿಗಳನ್ನು ಕತ್ತರಿಸಿ ಒಯ್ದರೆ ಮಾರ್ಚ್‌ವರೆಗೆ ಹಿತ್ತಿಲು ಸ್ವಚ್ಛವಾಗಿಯೇ ಕಾಣುತ್ತದೆ. ಇದು ಹಿತ್ತಿಲಲ್ಲಿ ಇರುವುದು ಅಲ್ಲಿ ಅಪರಾಧವಲ್ಲ. 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆ ಶಿಕ್ಷಿಸುವುದು ಇದನ್ನು ಬಯಲಿಗೆ ಹಬ್ಬಿಸುವುದನ್ನು. ಆದರೆ ಗಿಡವಿರುವ ಮನೆಗೆ ಸಾಲ ಕೊಡಲು ಬ್ಯಾಂಕುಗಳು ಹಿಂದೆ ಮುಂದೆ ನೋಡುತ್ತವೆ, ಬೆಲೆ ಇಳಿಯುತ್ತದೆ. ಹೀಗೆ ಮುಚ್ಚಿಡುವ ಆಸೆ, ಮುಚ್ಚಿಡುವ ಅನುಕೂಲ, ಮುಚ್ಚಿಟ್ಟರೆ ಇನ್ನೊಬ್ಬನಿಗೆ ಆಗುವ ನಷ್ಟ ಮೂರೂ ಒಂದೇ ಗಿಡದಲ್ಲಿ ಕೂಡಿವೆ.

ದೋಷವಿರುವ ಮನೆಯನ್ನು ಮಾರುವವನ ಕರ್ತವ್ಯವೇನು ಎಂಬ ಚರ್ಚೆ ತೀರ ಹಳೆಯದು. ಕ್ರಿ.ಪೂ. 44ರಲ್ಲಿ ಸಿಸೆರೊ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಇದೇ ಪ್ರಶ್ನೆಯನ್ನು ಎತ್ತುತ್ತಾನೆ. ಆರೋಗ್ಯಕ್ಕೆ ಒಗ್ಗದ, ಕೋಣೆಗಳಲ್ಲಿ ಹಾವು ಕಾಣಿಸಿಕೊಳ್ಳುವ, ಮರಮಟ್ಟು ಶಿಥಿಲವಾದ ಮನೆಯೊಂದಿದೆ. ಅದರ ದೋಷ ಒಡೆಯನೊಬ್ಬನಿಗೇ ಗೊತ್ತು. ಹೇಳದೆ ಮಾರಿದರೆ ತಪ್ಪೇ? ಬ್ಯಾಬಿಲೋನಿನ ಡಯೋಜಿನಿಸ್ ಮತ್ತು ಅವನ ಶಿಷ್ಯ ಟಾರ್ಸಸ್‌ನ ಆ್ಯಂಟಿಪೇಟರ್ ಇಬ್ಬರೂ ಸ್ಟೋಯಿಕ್ ಪಂಥದವರೇ ಆದರೂ ಇಲ್ಲಿ ಬೇರೆಯಾಗುತ್ತಾರೆ. ಕೊಳ್ಳೆಂದು ಯಾರೂ ಬಲವಂತ ಮಾಡಲಿಲ್ಲ, ಹೇಳದಿರುವುದು ಬೇರೆ, ಮೋಸ ಬೇರೆ ಎಂಬುದು ಗುರುವಿನ ನಿಲುವು. ದಾರಿ ತಪ್ಪಿದವನಿಗೆ ದಾರಿ ತೋರದಿರುವುದಕ್ಕಿಂತಲೂ ಇದು ಕೆಟ್ಟದ್ದು, ತಿಳಿದೂ ತಿಳಿದೂ ಇನ್ನೊಬ್ಬನನ್ನು ತಪ್ಪಿಗೆ ನೂಕುವುದು ಎಂಬುದು ಶಿಷ್ಯನ ನಿಲುವು. ಸಿಸೆರೊ ಶಿಷ್ಯನ ಪರ ನಿಂತ. ಇಂಗ್ಲೆಂಡಿನ ಕಾನೂನು ಮಾತ್ರ ಬಹುಮಟ್ಟಿಗೆ ಗುರುವಿನ ದಾರಿ ಹಿಡಿದು, ಎಚ್ಚರ ಕೊಳ್ಳುವವನ ಹೊಣೆ ಎಂದಿತು. ಆದರೆ ಅದೇ ಬ್ರಿಟಿಷರು ಭಾರತಕ್ಕಾಗಿ 1882ರಲ್ಲಿ ಮಾಡಿದ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು, ಮಾರುವವನಿಗೆ ತಿಳಿದಿರುವ, ಕೊಳ್ಳುವವನು ಸಾಧಾರಣ ಎಚ್ಚರದಿಂದ ಕಂಡುಹಿಡಿಯಲಾಗದ ಮುಖ್ಯ ದೋಷವನ್ನು ಹೇಳಲೇಬೇಕೆಂದು ವಿಧಿಸುತ್ತದೆ. ಹೇಳದಿದ್ದರೆ ಅದನ್ನು ವಂಚನೆಯೆಂದೇ ಎಣಿಸುತ್ತದೆ. ಇಂದು ಬೆಂಗಳೂರಿನಲ್ಲಿ ಮನೆ ಮಾರುವವರಿಗೂ ಅನ್ವಯಿಸುವ ನಿಯಮವಿದು. ಆದರೂ ಸಿಸೆರೊನ ಉದಾಹರಣೆ, ನಮ್ಮ ಕಲಮು ಎರಡೂ ದೋಷವನ್ನು ಬಲ್ಲವನ ಬಗ್ಗೆ ಮಾತಾಡುತ್ತವೆ. ಅರೆಬರೆ ಬಲ್ಲವನು, ಪೂರ್ತಿ ತಿಳಿಯಲು ಮನಸ್ಸಿಲ್ಲದವನು ಈ ಎರಡರಿಂದಲೂ ನುಣುಚಿಕೊಳ್ಳುತ್ತಾನೆ.

ಅವನನ್ನು ಹಿಡಿದು ನಿಲ್ಲಿಸಿದ್ದು ಇಂಗ್ಲಿಷ್ ಗಣಿತಜ್ಞ, ತತ್ತ್ವಚಿಂತಕ ಡಬ್ಲ್ಯು. ಕೆ. ಕ್ಲಿಫರ್ಡ್. ನಂಬಿಕೆಯ ನೀತಿಯನ್ನು ಕುರಿತ 1877ರ ಪ್ರಬಂಧದಲ್ಲಿ ಅವನು ಒಬ್ಬ ಹಡಗಿನ ಒಡೆಯನನ್ನು ಕಲ್ಪಿಸುತ್ತಾನೆ. ಹಡಗು ಹಳೆಯದು, ಒಡೆಯನಿಗೆ ಅನುಮಾನವಿದೆ, ಪರೀಕ್ಷೆ ಮಾಡಿಸಿದರೆ ಖರ್ಚಿದೆ. ಇಷ್ಟು ಪ್ರಯಾಣ ಮಾಡಿದ ಹಡಗು ಇದೊಂದನ್ನೂ ಮಾಡೀತು ಎಂದು ತನ್ನನ್ನು ತಾನೇ ಒಪ್ಪಿಸಿಕೊಂಡು, ಪೂರ್ಣ ನಂಬಿಕೆಯಿಂದ ಪ್ರಯಾಣಿಕರನ್ನು ಕಳುಹಿಸುತ್ತಾನೆ. ಹಡಗು ಮುಳುಗುತ್ತದೆ. ಅವನ ನಂಬಿಕೆ ಪ್ರಾಮಾಣಿಕವೇ ಆಗಿರಬಹುದು, ಆದರೆ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ ಎನ್ನುತ್ತಾನೆ ಕ್ಲಿಫರ್ಡ್. ಹಡಗು ಸುಖವಾಗಿ ದಡ ಸೇರಿದ್ದರೂ ತಪ್ಪು ಅಷ್ಟೇ ಇರುತ್ತಿತ್ತು. ಹಿತ್ತಿಲ ಗಿಡವನ್ನು ಕಂಡೂ ಅದರ ಹೆಸರು ತಿಳಿಯದೆ ಉಳಿದವನ ಅಜ್ಞಾನ ಇದೇ ಜಾತಿಯದು. ಹುಡುಕಿಯೂ ಸಿಗದೆ ಉಳಿದ ಅಜ್ಞಾನ ಒಂದು, ಸಿಕ್ಕೀತೆಂದು ಹೆದರಿ ಹುಡುಕದೆ ಉಳಿಸಿಕೊಂಡದ್ದು ಮತ್ತೊಂದು. ಕಾನೂನೂ ಈ ವ್ಯತ್ಯಾಸವನ್ನು ಬಿಟ್ಟಿಲ್ಲ. ಇಂಗ್ಲೆಂಡಿನಲ್ಲಿ 1967ರ ತಪ್ಪು ನಿರೂಪಣೆ ಕಾಯ್ದೆಯ ಪ್ರಕಾರ, ಹೇಳಿದ ಮಾತು ಸುಳ್ಳಾದರೆ ಅದನ್ನು ನಿಜವೆಂದು ನಂಬಲು ತಕ್ಕ ಕಾರಣವಿತ್ತೆಂದು ಹೇಳಿದವನೇ ಸಾಬೀತುಪಡಿಸಬೇಕು. 2020ರಲ್ಲಿ ಪರಿಷ್ಕೃತವಾದ ಟಿಎ6 ಸೂಚನೆಗಳು, 'ಇಲ್ಲ' ಎನ್ನುವವರಿಗೆ ತಮ್ಮ ನೆಲದಲ್ಲೂ ಗಡಿಯಿಂದ 3 ಮೀಟರ್ ಒಳಗೂ ಬೇರುಕಾಂಡವಿಲ್ಲವೆಂಬ ಖಾತ್ರಿ ಇರಬೇಕೆಂದವು. ಲಂಡನ್ನಿನ ರೇನ್ಸ್ ಪಾರ್ಕ್ ಪ್ರದೇಶದಲ್ಲಿ 2018ರಲ್ಲಿ 7,00,000 ಪೌಂಡಿಗೆ ಮಾರಾಟವಾದ ಮನೆಯ ಒಡೆಯ 'ಇಲ್ಲ' ಎಂದಿದ್ದ. ದೊಡ್ಡ ಪೊದೆಯ ಮರೆಯಲ್ಲಿದ್ದುದರಿಂದ ಗಿಡ ಕಾಣಲಿಲ್ಲ ಎಂಬುದು ಅವನ ಸಮಜಾಯಿಷಿ. 2023ರಲ್ಲಿ ನ್ಯಾಯಾಲಯ ಅದನ್ನು ಒಪ್ಪದೆ 32,000 ಪೌಂಡ್ ಪರಿಹಾರದ ಜೊತೆಗೆ 95,000 ಪೌಂಡ್ ವ್ಯಾಜ್ಯದ ಖರ್ಚನ್ನೂ ಕೊಡಲು ಆದೇಶಿಸಿತು. ಪರಿಹಾರಕ್ಕಿಂತ ಖರ್ಚೇ ಮೂರರಷ್ಟು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಈ ಗಿಡದ ಭಯವೇ ಅತಿಯಾದದ್ದು. ಅಂದಮೇಲೆ ಬರೀ ಅನುಮಾನವನ್ನು ಹೊರಹಾಕುವುದು ಮೂಢಭಯಕ್ಕೆ ಉಣಿಸು ಹಾಕಿದಂತಲ್ಲವೇ? ಆಕ್ಷೇಪದ ಮೊದಲ ಭಾಗ ನಿಜ. ಲೀಡ್ಸ್ ವಿಶ್ವವಿದ್ಯಾಲಯ ಮತ್ತು ಏಕಾಮ್ ಸಂಸ್ಥೆಯ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನ, ಕಟ್ಟಡಗಳಿಗೆ ನಾಟ್‌ವೀಡ್ ಮಾಡುವ ಹಾನಿ ಬೇರೆ ಹಲವು ಮರಗಿಡಗಳು ಮಾಡುವುದಕ್ಕಿಂತ ಹೆಚ್ಚಲ್ಲವೆಂದು ತೋರಿಸಿತು. 2019ರಲ್ಲಿ ಬ್ರಿಟನ್ನಿನ ಸಂಸದೀಯ ವಿಜ್ಞಾನ ಸಮಿತಿ, ಸಾಲ ನೀಡುವವರ ಎಚ್ಚರಿಕೆ ಅಳತೆ ಮೀರಿದೆ ಎಂದಿತು. ಕಟ್ಟಡದಿಂದ 7 ಮೀಟರ್ ಒಳಗಿನ ಗಿಡವೆಲ್ಲ ಅಪಾಯ ಎಂಬ ಹಳೆಯ ಅಳತೆಯನ್ನು ಸರ್ವೇಯರುಗಳ ಸಂಸ್ಥೆಯಾದ ಆರ್‌ಐಸಿಎಸ್ 2022ರಲ್ಲಿ 3 ಮೀಟರಿಗೆ ಇಳಿಸಿತು. ಆದರೆ ಇದರಿಂದ ಹೊರಡುವ ತೀರ್ಮಾನ ಆಕ್ಷೇಪಕ್ಕೆ ವಿರುದ್ಧವಾದದ್ದು. ಗಿಡ ಅಷ್ಟೇನೂ ಕೆಟ್ಟದ್ದಲ್ಲವಾದರೆ ಹೇಳಲು ಅಳುಕೇಕೆ? ಅನುಮಾನವನ್ನೂ ಹೇಳಬಹುದು, ಈ ಅಧ್ಯಯನವನ್ನೂ ಮುಂದಿಡಬಹುದು. ಭಯ ಸಕಾರಣವೋ ಅಲ್ಲವೋ ಎಂದು ತೂಗುವ ಹಕ್ಕು ಹಣ ಕೊಡುವವನದು. ಅವನ ಪರವಾಗಿ, ಅವನಿಗೆ ತಿಳಿಯದಂತೆ ಮಾರುವವನೇ ತೂಗಿಬಿಟ್ಟರೆ, ಆ ತಕ್ಕಡಿ ಯಾವ ಕಡೆ ವಾಲುತ್ತದೆಂದು ಊಹಿಸಲು ಜಾಣತನವೇನೂ ಬೇಕಿಲ್ಲ. ಜೊತೆಗೆ, ಅತಿಯಾದ ಭಯವನ್ನು ಬೆಳೆಸುವುದೂ ಗುಟ್ಟೇ. ಪ್ರತಿ ಮಾರಾಟದಲ್ಲೂ ಗಿಡ ಬಯಲಾಗಿ, ಅದರ ಜೊತೆಗೇ ಮನೆಗಳು ನೆಟ್ಟಗೆ ನಿಂತದ್ದೂ ಬಯಲಾದರೆ ಭಯ ತನ್ನ ಅಳತೆಗೆ ಇಳಿಯುತ್ತದೆ.

ಕೊಳ್ಳುವವನು ಸರ್ವೇಯರನನ್ನು ಕಳುಹಿಸಿ ನೋಡಿಸಿಕೊಳ್ಳಲಿ ಎಂಬುದು ಎರಡನೆಯ ಆಕ್ಷೇಪ. ನೋಡಿಸಿಕೊಳ್ಳಲೇಬೇಕು, ಸರಿ. ಆದರೆ ಇಬ್ಬರ ಕಣ್ಣು ಸಮವಲ್ಲ. ಸರ್ವೇಯರ್ ಬರುವುದು ಒಂದು ದಿನ, ಬಹುಶಃ ಜನವರಿಯಲ್ಲಿ. ಒಡೆಯ ಕಂಡಿರುವುದು ಹಲವು ವರ್ಷಗಳ ಎಲ್ಲ ಋತುಗಳನ್ನು. ಹಿಂದೆ ಯಾವ ಮೂಲೆಗೆ ಕಳೆನಾಶಕ ಹೊಡೆದದ್ದು, ಎಲ್ಲಿಗೆ ಹೊಸ ಮಣ್ಣು ತರಿಸಿದ್ದು, ಯಾವ ಬೇಲಿಯಾಚೆ ಏನು ಬೆಳೆದಿತ್ತು ಎಂಬುದು ನೆಲದ ಮೇಲೆ ಬರೆದಿರುವುದಿಲ್ಲ. ಮದ್ದು ಹೊಡೆಸಿದ್ದೇವೆ, ಇನ್ನೇಕೆ ಹೇಳಬೇಕು ಎನ್ನುವುದೂ ಸಲ್ಲದು. ಸ್ವಾನ್ಸಿ ವಿಶ್ವವಿದ್ಯಾಲಯದ ದೊಡ್ಡ ಕ್ಷೇತ್ರ ಪ್ರಯೋಗದಲ್ಲಿ ಗ್ಲೈಫೋಸೇಟ್ ಎಲ್ಲಕ್ಕಿಂತ ಪರಿಣಾಮಕಾರಿ ಎಂದು ಕಂಡಿತಾದರೂ, ಮೂರು ವರ್ಷಗಳಲ್ಲಿ ಯಾವ ವಿಧಾನವೂ ಗಿಡವನ್ನು ಪೂರ್ತಿ ನಿರ್ಮೂಲ ಮಾಡಲಿಲ್ಲ. ಮಾರುವವನು ನಿಷ್ಕಪಟವಾಗಿ ತಾನು ಕಂಡದ್ದನ್ನು ಹೇಳಿದಾಗಷ್ಟೇ ಕೊಳ್ಳುವವನ ಎಚ್ಚರಕ್ಕೆ ಎಲ್ಲಿ ನೋಡಬೇಕೆಂದು ತಿಳಿಯುತ್ತದೆ.

ಮೂರನೆಯ ಆಕ್ಷೇಪ ನ್ಯಾಯದ್ದು. ಅದಕ್ಕೆ ಪೂರ್ತಿ ಉತ್ತರ ಸುಲಭವಲ್ಲ. ಗಿಡ ಬಂದದ್ದು ರೈಲುದಾರಿಯ ಬದುವಿನಿಂದಲೋ ಪಕ್ಕದ ಖಾಲಿ ಜಾಗದಿಂದಲೋ ಆಗಿರಬಹುದು. ಬದುಕಿಡೀ ಕಂತು ಕಟ್ಟಿ ಗಳಿಸಿದ ಒಂದೇ ಮನೆಯ ಬೆಲೆಯನ್ನು ತನ್ನ ತಪ್ಪಿಲ್ಲದೆ ಒಬ್ಬನೇಕೆ ಕಳೆದುಕೊಳ್ಳಬೇಕು? ವೇಲ್ಸ್‌ನ ಮೈಸ್ಟೆಗ್ ಊರಿನ ಪ್ರಕರಣದಲ್ಲಿ 2018ರಲ್ಲಿ ಮೇಲ್ಮನವಿ ನ್ಯಾಯಾಲಯ, ನೆಟ್‌ವರ್ಕ್ ರೈಲ್‌ನ ಜಾಗದಿಂದ ಬೇರುಗಳು ನುಗ್ಗಿದ್ದು ಮನೆಯವರ ಹಕ್ಕಿಗೆ ಧಕ್ಕೆಯೆಂದು ಒಪ್ಪಿತು. ಆದರೆ ಬರೀ ಬೆಲೆ ಕುಸಿತ ದಾವೆಗೆ ಆಧಾರವಾಗದು ಎಂದಿತು. 2024ರಲ್ಲಿ ಇಂಥದೇ ಮತ್ತೊಂದು ಪ್ರಕರಣದಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು, ಪಕ್ಕದ ಜಾಗದ ಒಡೆಯನಾದ ಬ್ರಿಜೆಂಡ್ ಕೌನ್ಸಿಲಿನ ಕರ್ತವ್ಯಲೋಪ ಶುರುವಾಗುವ ಮೊದಲೇ ಗಿಡ ನುಗ್ಗಿ ಬೆಲೆ ಇಳಿದಿದ್ದರೆ ಆ ನಷ್ಟಕ್ಕೆ ಕೌನ್ಸಿಲು ಹೊಣೆಯಲ್ಲ ಎಂದು ತೀರ್ಪಿತ್ತಿತು. ಅಂದರೆ ಪ್ರಾಮಾಣಿಕನಾದವನಿಗೆ ನಷ್ಟ ಎಲ್ಲಿಂದಲೂ ತುಂಬಿ ಬರದಿರಬಹುದು. ಇದು ಅನ್ಯಾಯ ಹೌದು. ಆದರೆ ಕೈಗೆ ಬಂದ ಖೋಟಾ ನೋಟನ್ನು ಮುಂದಿನ ಅಂಗಡಿಯಲ್ಲಿ ದಾಟಿಸಿದರೆ ಅನ್ಯಾಯ ಕೊನೆಗೊಳ್ಳುವುದಿಲ್ಲ, ಅದಕ್ಕೆ ಹೊಸಬನೊಬ್ಬ ಸಿಗುತ್ತಾನೆ ಅಷ್ಟೇ. ಆ ಹೊಸಬನೂ ಕಂತು ಕಟ್ಟುವವನೇ. ಅವನಿಗೂ ಮಾರುವವನಿಗೂ ಇರುವ ವ್ಯತ್ಯಾಸ ಒಂದೇ: ಒಬ್ಬನಿಗೆ ವಿಷಯ ಗೊತ್ತು, ಇನ್ನೊಬ್ಬನಿಗೆ ಗೊತ್ತಿಲ್ಲ. ಈ ವ್ಯತ್ಯಾಸವೇ ನಷ್ಟವನ್ನು ಹೊರುವವನನ್ನು ಆರಿಸುವಂತಾದರೆ ಅದನ್ನು ನ್ಯಾಯವೆನ್ನಲಾಗದು. ಹೊರೆ ಹಂಚಿಕೆಯಾಗಬೇಕಾದದ್ದು ಬೇರೆ ದಾರಿಯಲ್ಲಿ: ಬದುಗಳ ಒಡೆಯರು ಸಕಾಲಕ್ಕೆ ಗಿಡ ತೆಗೆಸಬೇಕು, ಚಿಕಿತ್ಸೆಯ ಯೋಜನೆ ಮತ್ತು ವಿಮೆಯ ಬೆಂಬಲದ ಖಾತರಿ ಇರುವ ಮನೆಗೆ ಬ್ಯಾಂಕುಗಳು ಅಡ್ಡಿಯಿಲ್ಲದೆ ಸಾಲ ಕೊಡಬೇಕು, ನಿಜ ಹೇಳಿದವನ ನಿಜವನ್ನೇ ಹಿಡಿದು ಕೊಳ್ಳುವವನು ಬೆಲೆಯನ್ನು ಸುಲಿಯಬಾರದು.

ಹಾಗೆಂದು ಪ್ರತಿ ಹಸಿರಿಗೂ ಬೆಚ್ಚುವವರಂತೆ ಬರೆದುಕೊಡಬೇಕೆಂದಲ್ಲ. ಬಿದಿರು, ರಷ್ಯನ್ ಬಳ್ಳಿ, ಡಾಗ್‌ವುಡ್ ಮುಂತಾದವನ್ನು ನಾಟ್‌ವೀಡ್ ಎಂದು ತಪ್ಪು ತಿಳಿಯುವವರು ಬಹಳ. ಮಾರುವವರು ಸಸ್ಯಶಾಸ್ತ್ರಜ್ಞರಾಗಬೇಕೆಂದು ಕೇಳುವುದೂ ಅತಿಯಾಯಿತು. ಅವರಿಂದ ಕೇಳಬಹುದಾದದ್ದು ಇಷ್ಟೇ: ಅನುಮಾನಕ್ಕೆ ಆಧಾರವಿದ್ದರೆ ನಮೂನೆ ತುಂಬುವ ಮೊದಲೇ ಬಲ್ಲವರಿಂದ ನೋಡಿಸುವುದು, ನೋಡಿಸಿಯೂ ತೀರ್ಮಾನವಾಗದಿದ್ದರೆ 'ಗೊತ್ತಿಲ್ಲ' ಎಂದು ಗುರುತು ಹಾಕಿ, ಎಲ್ಲಿ, ಯಾವಾಗ, ಏನು ಕಂಡೆವು ಎಂದು ಅದರ ಪಕ್ಕದಲ್ಲಿ ಬರೆಯುವುದು. ಆ ಬರಹ ಕೊಳ್ಳುವವನನ್ನು ಕಾಪಾಡುತ್ತದೆ. ಮುಂದೆ ಕಟಕಟೆ ಹತ್ತಬೇಕಾಗಿ ಬಂದರೆ ಮಾರಿದವನನ್ನೂ ಕಾಪಾಡುವುದು ಅದೇ.